ಥೀಮಾಂತರ್ಧಾನ ಮೀಮಾಂಸೆ: ಮನಗೂಳಿ ಪಾಠ

ಸುಖವಾಗಿ ನಡೆದಿದ್ದ ಒಂದು ಲಿನಕ್ಸ್ ಡೆಸ್ಕ್‌ಟಾಪಿನ ಪಕ್ಕಕ್ಕೆ ಇನ್ನೊಂದನ್ನು ತಂದು ಕೂಡಿಸಿದಾಗ ಮೊದಲಿದ್ದ ಥೀಮುಗಳು ಕಾಣದಾಗುವ ವಿದ್ಯಮಾನಕ್ಕೆ ಶಾಸ್ತ್ರದಲ್ಲಿ ಇದುವರೆಗೆ ಹೆಸರಿರಲಿಲ್ಲ. ಪ್ರಸ್ತುತ ಪ್ರಬಂಧಕಾರನು ಇದಕ್ಕೆ ‘ಥೀಮಾಂತರ್ಧಾನ’ ಎಂದು ನಾಮಕರಣ ಮಾಡಿದ್ದಾನೆ (ನೋಡಿ: ಇದೇ ಪ್ರಬಂಧ, ಇದೇ ಸಾಲು). ಹೆಸರಿಟ್ಟರೆ ಅರ್ಧ ಸಂಶೋಧನೆ ಮುಗಿಯಿತೆಂಬುದು ವಿದ್ವಾಂಸರಲ್ಲಿ ಸರ್ವಸಮ್ಮತ. ಉಳಿದರ್ಧ ಮುಂದಿದೆ.

ಕ್ಷೇತ್ರಕಾರ್ಯ ನಡೆದದ್ದು ಬಸವನ ಬಾಗೇವಾಡಿ ತಾಲೂಕಿನ ಮನಗೂಳಿಯಲ್ಲಿ. ಶಾಸನಗಳಲ್ಲಿ ಈ ಊರು ಮಣಿಂಗವಳ್ಳಿ. ಕಲಚುರಿ ಬಿಜ್ಜಳನ ಕಾಲದ ಬರಹವೂ ಇಲ್ಲಿದೆ. ಜೆ. ಎಫ್. ಫ್ಲೀಟ್ ಇಲ್ಲಿಯ ಶಾಸನಗಳನ್ನು ಓದಿ ‘ಎಪಿಗ್ರಾಫಿಯಾ ಇಂಡಿಕಾ’ದ 5ನೇ ಸಂಪುಟದಲ್ಲಿ ಅಚ್ಚು ಹಾಕಿಸಿದ. ಸಾಹೇಬನ ಕಣ್ಣಿಗೆ ಬೀಳದೆ ಉಳಿದ ಒಂದೇ ಒಂದು ಲಿಖಿತ ದಾಖಲೆ ಎಂದರೆ ಊರಿನ ಒಂದು ಝೆರಾಕ್ಸ್ ಅಂಗಡಿಯ ಹಾರ್ಡ್‌ಡಿಸ್ಕು. ಅದನ್ನು ಓದುವ ಯೋಗ ಈ ಬಡಪಾಯಿಗೆ ಒದಗಿತು.

ಪಹಣಿ ತೆಗೆಯುವುದು, ಜಾತಿ-ಆದಾಯದ ಅರ್ಜಿ ತುಂಬುವುದು, ಆಧಾರ್ ಕಾರ್ಡಿಗೆ ಲ್ಯಾಮಿನೇಷನ್ ಮಾಡುವುದು ಆ ಅಂಗಡಿಯ ದಂಧೆ. ಹಳೆಯ ಕಂಪ್ಯೂಟರಿನಲ್ಲಿ ಉಬುಂಟು ಮಾಟೆ ಇತ್ತು, ಅದರ ಹಸಿರು ಥೀಮಿನೊಡನೆ. ಸೂಟಿಗೆ ಬಂದ ಅಳಿಯ, “ಮಾಮಾ, ಇದು ಭಾಳ ಜಡ ಆಗೇತಿ. ಹಗೂರಂದ ಒಂದ ಹಾಕ್ತೀನಿ ತಡೀರಿ,” ಎಂದವನೇ ಎಕ್ಸ್‌ಎಫ್‌ಸಿಇ ಎಂಬ ಇನ್ನೊಂದು ಡೆಸ್ಕ್‌ಟಾಪನ್ನು ಸೇರಿಸಿ, ರಾತ್ರಿ ಬೆಂಗಳೂರಿನ ಬಸ್ಸು ಹತ್ತಿದ. ಮರುದಿನ ಮಾಲೀಕರು ಆಡಿದ ಮೂಲಪಾಠ ಹೀಗಿದೆ: “ನನ್ನ ಹಸರ ಎಲ್ಲಿ ಹೋತ್ರೀ ಸರ? ಪೂರಾ ಬೂದಿ ಬಣ್ಣ ಆಗೇತಿ. ಲಿಸ್ಟಿನ್ಯಾಗೂ ಇಲ್ಲ.” ಈ ವಾಕ್ಯದಲ್ಲಿ ಪಾಠಾಂತರಗಳಿಲ್ಲ. ಗಿರಾಕಿಗಳ ಮುಂದೆ ಹೇಳಲಾಗದ ಕೆಲವು ಶಬ್ದಗಳನ್ನು ಸಂಪಾದಕನೇ ಕೈಬಿಟ್ಟಿದ್ದಾನೆ.

ಈಗ ಪೂರ್ವಪಕ್ಷ. ಫಾರ್ಮ್ಯಾಟ್‌ವಾದಿಗಳು ಈ ಕ್ಷೇತ್ರದ ಅತಿ ಪ್ರಾಚೀನ ಪಂಥ. ರೋಗ ಯಾವುದೇ ಇರಲಿ, ಅವರ ಸೂತ್ರ ಒಂದೇ: “ಹೊಡೀರಿ ಫಾರ್ಮ್ಯಾಟ್.” ಕಾರಣ ಹುಡುಕುವ ತ್ರಾಸವಿಲ್ಲದಿರುವುದು ಈ ವಾದದ ಬಲ, ಊರವರ ಸ್ಕ್ಯಾನ್ ಮಾಡಿಟ್ಟ ಕಾಗದಪತ್ರಗಳೆಲ್ಲ ಹೋಗುವುದು ಅದರ ದೌರ್ಬಲ್ಯ. ವೈರಸ್‌ವಾದಿಗಳನ್ನು ಖಂಡಿಸುವುದಕ್ಕೆ ಶಾಯಿ ದಂಡ. ಹೊಸದಾಗಿ ಬಂದುದನ್ನು ಕಿತ್ತೊಗೆದರೆ ಹಳೆಯದು ತಾನಾಗಿ ಮರಳುವುದೆಂಬ ಉಚ್ಚಾಟನವಾದಿಗಳ ಮಾತು ಮಾತ್ರ ವಿಚಾರಯೋಗ್ಯ. ಆದರೆ ಕಿತ್ತೊಗೆಯುವ ‘ಪರ್ಜ್’ ಆದೇಶ ಎಷ್ಟೇ ಉಗ್ರವಾಗಿ ಕೊಟ್ಟರೂ ಅದು ಬಳಕೆದಾರನ ಹೋಮ್ ಫೋಲ್ಡರಿನ ಕಡತಗಳನ್ನು ಮುಟ್ಟುವುದಿಲ್ಲ. ದೋಷ ಅಲ್ಲೇ ಕೂತಿದ್ದರೆ ಉಚ್ಚಾಟನೆಯ ನಂತರವೂ ಅಲ್ಲೇ ಕೂತಿರುತ್ತದೆ.

ಸಿದ್ಧಾಂತಕ್ಕೆ ಮುನ್ನ ವಂಶಾವಳಿ ಬೇಕು, ಇಲ್ಲದಿದ್ದರೆ ಇದನ್ನು ಪ್ರಬಂಧವೆಂದು ಯಾರೂ ಒಪ್ಪುವುದಿಲ್ಲ. 1996ರಲ್ಲಿ ಜರ್ಮನಿಯ ಮಥಿಯಾಸ್ ಎಟ್ರಿಖ್ ಕೆಡಿಇ ಎಂಬ ಡೆಸ್ಕ್‌ಟಾಪನ್ನು ಘೋಷಿಸಿದ. ಅದು ನೆಚ್ಚಿದ್ದ ಕ್ಯೂಟಿ ಎಂಬ ತಂತ್ರಾಂಶ ಸಲಕರಣೆಯ ಲೈಸೆನ್ಸು ಆಗ ಮುಕ್ತವಾಗಿರಲಿಲ್ಲವೆಂದು 1997ರಲ್ಲಿ ಮೆಕ್ಸಿಕೋದ ಮಿಗೆಲ್ ಡಿ ಇಕಾಸಾ ಮತ್ತು ಫೆಡೆರಿಕೊ ಮೇನಾ ಗ್ನೋಮ್ ಶುರುಮಾಡಿದರು. ಒಲಿವಿಯೆ ಫೂರ್ದಾನನ ಎಕ್ಸ್‌ಎಫ್‌ಸಿಇ ಕೂಡ 1996ರದೇ. 2011ರಲ್ಲಿ ಗ್ನೋಮ್ ತನ್ನ 3ನೇ ಆವೃತ್ತಿಯಲ್ಲಿ ಮೋರೆಯನ್ನೇ ಬದಲಿಸಿಕೊಂಡಾಗ, ಹಳೆಯ ಮೋರೆಯೇ ಬೇಕೆಂದವರಿಗಾಗಿ ಅರ್ಜೆಂಟೀನಾದ ಬಳಕೆದಾರನೊಬ್ಬ ಎತ್ತಿ ನಿಲ್ಲಿಸಿದ್ದು ಮಾಟೆ. ಇವರೆಲ್ಲರ ನಡುವೆ ರಾಜಿ ಮಾಡಿಸಲು ಹ್ಯಾವಕ್ ಪೆನಿಂಗ್ಟನ್ 2000ದಲ್ಲಿ ಫ್ರೀಡೆಸ್ಕ್‌ಟಾಪ್ ಎಂಬ ಪಂಚಾಯ್ತಿ ಕಟ್ಟಿದ. ಪಂಚಾಯ್ತಿ ಅನೇಕ ನಿಯಮ ಬರೆಯಿತು. ಯಾವುದೇ ಐಕಾನ್ ಬೇರೆಲ್ಲಿಯೂ ಸಿಗದಿದ್ದರೆ ಕೊನೆಗೆ ‘ಹೈಕಲರ್’ ಎಂಬ ಫೋಲ್ಡರಿನಲ್ಲಿ ನೋಡಲೇಬೇಕೆಂಬುದು ಅವುಗಳಲ್ಲಿ ಒಂದು. ಥೀಮಿನ ವಿಷಯದಲ್ಲಿ ಅಷ್ಟು ಒಮ್ಮತ ಆಗಲಿಲ್ಲ.

ಈಗ ಉತ್ಖನನ. ‘ಯುಎಸ್‌ಆರ್’ ಒಳಗಿನ ‘ಶೇರ್’, ಅದರೊಳಗಿನ ‘ಥೀಮ್ಸ್’ ಫೋಲ್ಡರನ್ನು ತೆರೆಯಲಾಗಿ, ಕಳೆದುಹೋದವೆಂದು ದೂರು ಬಂದಿದ್ದ ಸಮಸ್ತ ಥೀಮುಗಳೂ ಅಲ್ಲಿಯೇ ಇದ್ದವು. ಹಾಗಾದರೆ ಲಿಸ್ಟಿನಲ್ಲಿ ಏಕಿಲ್ಲ? ಥೀಮ್ ಎಂಬುದು ಒಂದು ವಸ್ತುವಲ್ಲ, ಒಳಗೆ ಕೋಣೆಗಳಿರುವ ಫೋಲ್ಡರು. ‘ಜಿಟಿಕೆ-2.0’, ‘ಜಿಟಿಕೆ-3.0’ ಎಂಬ ಕೋಣೆಗಳು ಜಿಟಿಕೆ ಎಂಬ ಸಲಕರಣೆ ಬಿಡಿಸುವ ಬಟನ್ನು, ಮೆನುಗಳಿಗೆ. ಕಿಟಕಿಯ ಅಂಚಿಗೆ ಮಾಟೆ ಹುಡುಕುವುದು ‘ಮೆಟಾಸಿಟಿ-1’ ಎಂಬ ಕೋಣೆಯನ್ನು, ಎಕ್ಸ್‌ಎಫ್‌ಸಿಇ ಹುಡುಕುವುದು ‘ಎಕ್ಸ್‌ಎಫ್‌ಡಬ್ಲ್ಯುಎಂ4’ ಎಂಬುದನ್ನು. ಆ ಕೋಣೆ ಇಲ್ಲದ ಥೀಮನ್ನು ಎಕ್ಸ್‌ಎಫ್‌ಸಿಇ ಕಿಟಕಿಯಂಚುಗಳ ಲಿಸ್ಟಿಗೇ ಸೇರಿಸುವುದಿಲ್ಲ, ಕಾರಣವನ್ನೂ ಹೇಳುವುದಿಲ್ಲ. ಈ ಮೌನವೇ ಥೀಮಾಂತರ್ಧಾನದ ಮೂಲ ಎಂಬುದು ನನ್ನ ನಿಲುವು.

ಎರಡನೆಯ ಕಾರಣ ದಫ್ತರದ್ದು. ಮಾಟೆ ನಿಮ್ಮ ಆಯ್ಕೆಗಳನ್ನು ‘ಡಿಕಾನ್ಫ್’ನಲ್ಲಿ ಬರೆದಿಡುತ್ತದೆ, ಎಕ್ಸ್‌ಎಫ್‌ಸಿಇ ತನ್ನ ‘ಎಕ್ಸ್‌ಎಫ್‌ಕಾನ್ಫ್’ನಲ್ಲಿ. ಒಬ್ಬರ ಪುಸ್ತಕ ಇನ್ನೊಬ್ಬರು ಓದುವುದಿಲ್ಲ. ಮೇಲಾಗಿ, ತೆರೆದ ಪ್ರತಿ ಕಿಟಕಿಗೂ “ಈ ಬಣ್ಣ ಉಡು” ಎಂದು ಸಾರುವ ಸೆಟ್ಟಿಂಗ್ಸ್ ಡೀಮನ್ ಎಂಬ ಅಧಿಕಾರಿ ಒಂದು ಪರದೆಗೆ ಒಬ್ಬನೇ. ಊರಿಗೊಬ್ಬ ಕುಲಕರ್ಣಿ ಇದ್ದಂತೆ: ಇಬ್ಬರು ಬಂದರೆ ಮೊದಲು ಕೂತವನ ಸಹಿಯೇ ನಡೆಯುತ್ತದೆ, ಯಾರೂ ಬರದಿದ್ದರೆ ಊರು ದಿಕ್ಕಿಲ್ಲದ್ದಾಗುತ್ತದೆ. ಹಾಗೆ ದಿಕ್ಕಿಲ್ಲದಾದಾಗ ಜಿಟಿಕೆ-2ರ ತಂತ್ರಾಂಶಗಳು ಉಡುವ ಬೂದು ವಸ್ತ್ರಕ್ಕೆ ‘ರಾಲೀ’ ಎಂದು ಹೆಸರು. ಬೇರೆ ಅರಿವೆ ಸಿಗದಾಗಿನ ಅರಿವೆ ಅದು, ಹಾಗಾಗಿ ಅದನ್ನು ಮೆಚ್ಚಿದವರನ್ನು ನಾನು ಕಂಡಿಲ್ಲ.

ಉಪಕಾರಣಗಳೂ ಇವೆ. ಕೆಲವು ಹಳೆಯ ಥೀಮುಗಳಿಗೆ ‘ಮರೀನ್’ ಎಂಬ ಎಂಜಿನ್ ಬೇಕು, ಅದಿಲ್ಲದಿದ್ದರೆ ಹೆಸರು ಕಂಡರೂ ರೂಪ ಬಾರದು. 2016ರ ಜಿಟಿಕೆ 3.20 ತನ್ನ ಸಿಎಸ್‌ಎಸ್ ಹೆಸರುಗಳನ್ನೇ ಬದಲಿಸಿದ್ದರಿಂದ ಅದಕ್ಕೂ ಹಿಂದಿನ ಥೀಮುಗಳು ವಿಕಾರವಾದವು. ಕೆಡಿಇಯ ಪ್ಲಾಸ್ಮಾ ಡೆಸ್ಕ್‌ಟಾಪ್ ಸೇರಿಸಿದವರು ಬೇರೆಯೇ ಅಧ್ಯಾಯ: ಅದು ಹೋಮ್‌ನ ‘ಡಾಟ್ ಕಾನ್ಫಿಗ್’ ಒಳಗೆ ಜಿಟಿಕೆಯ ‘ಸೆಟ್ಟಿಂಗ್ಸ್ ಡಾಟ್ ಐಎನ್‌ಐ’ ಕಡತದಲ್ಲಿ ತನ್ನ ‘ಬ್ರೀಜ್’ ಹೆಸರು ಕೊರೆದು ಹೋಗುತ್ತದೆ. ಶಿಲಾಶಾಸನಗಳ ಕೊನೆಯಲ್ಲಿ ಅಳಿದವರಿಗೆ ಶಾಪವಿರುವಂತೆ ಇಂಥ ಅನೇಕ ಕಡತಗಳ ತಲೆಯಲ್ಲಿ ‘ಇದನ್ನು ತಿದ್ದಬೇಡಿ’ ಎಂದಿರುತ್ತದೆ. ನಮ್ಮ ಹಿರಿಯರು ಶಾಪವನ್ನು ಕೊನೆಗಿಟ್ಟು ಓದುಗನನ್ನು ಪೂರ್ತಿ ಓದಿಸುತ್ತಿದ್ದರು ಎಂಬುದನ್ನು ಇಲ್ಲಿ ಗಮನಿಸಬೇಕು.

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಈ ಪ್ರಬಂಧಕ್ಕೆ ನಗಬಹುದು. ಕೇರಳದ ಕೈಟ್ ಸಂಸ್ಥೆ ಶಾಲೆಗಳಿಗೆ ಉಬುಂಟು ಆಧಾರಿತ ಲಿನಕ್ಸ್ ಕೊಡುವುದರಿಂದ ಅವರಿಗಿದು ಎಂಟನೇ ಇಯತ್ತೆಯ ಸಂಗತಿ.

ಮನಗೂಳಿಯಲ್ಲಿ ಕೊನೆಗೆ ಆದದ್ದಿಷ್ಟು. ಲಾಗಿನ್ ಪರದೆಯಲ್ಲಿ ಹೆಸರಿನ ಬಳಿ ಒಂದು ಸಣ್ಣ ಗುರುತಿರುತ್ತದೆ. ಕೊನೆಯ ಬಾರಿ ಯಾವ ಡೆಸ್ಕ್‌ಟಾಪ್ ಆರಿಸಿದ್ದರೋ ಅದನ್ನು ನೆನಪಿಟ್ಟುಕೊಳ್ಳುವುದು ಅದರ ಚಟ, ಮತ್ತು ಕೊನೆಯ ಬಾರಿ ಆರಿಸಿದವನು ಅಳಿಯ. ಅದನ್ನು ಒತ್ತಿ ‘ಮಾಟೆ’ ಆರಿಸಿ ಒಳಹೊಕ್ಕೊಡನೆ ಹಸಿರು ಹಾಜರಾಯಿತು. ಮಾಲೀಕರು ಪರದೆಯನ್ನೂ ನನ್ನ ಟಿಪ್ಪಣಿಯ ಕಟ್ಟನ್ನೂ ನೋಡಿ, “ಇಷ್ಟಕ್ಕ ಇಷ್ಟೆಲ್ಲಾ ಬರದೀರೇನ್ರೀ?” ಎಂದರು. ಝೆರಾಕ್ಸಿನ ದುಡ್ಡನ್ನೂ ತೆಗೆದುಕೊಂಡರು.

ಹೀಗೆ ಡೆಸ್ಕ್‌ಟಾಪ್ ಬದಲಿಸಿದರೂ ಹಸಿರು ಬಾರದವರಿಗೆ ಒಂದು ಮಾತು. ಫಾರ್ಮ್ಯಾಟ್‌ವಾದಿಗಳನ್ನು ಕರೆಯುವ ಮೊದಲು ಕಂಪ್ಯೂಟರಿನಲ್ಲಿ ಹೊಸ ಬಳಕೆದಾರನೊಬ್ಬನನ್ನು ಸೃಷ್ಟಿಸಿ, ಅವನ ಹೆಸರಿನಲ್ಲಿ ಒಳಹೋಗಿ ನೋಡಿ. ಅವನಿಗೆ ಥೀಮ್ ಕಂಡರೆ ದೋಷ ನಿಮ್ಮ ಹೋಮ್ ಫೋಲ್ಡರಿನಲ್ಲಿದೆ. ಅವನಿಗೂ ಕಾಣದಿದ್ದರೆ ಥೀಮಿನ ಪ್ಯಾಕೇಜನ್ನು ಮತ್ತೆ ಹಾಕಿ, ಅಳಿಯ ಮುಂದಿನ ಸೂಟಿಗೆ ಬರುವುದರೊಳಗೆ ಅಡ್ಮಿನ್ ಪಾಸ್‌ವರ್ಡ್ ಬದಲಿಸಿರಿ.