ಅರ್ಧ ಮಾತ್ರೆ ರಾಯರು

ಬೆಳಿಗ್ಗೆ ಆರೂವರೆಗೆ ಯಾವ ಬಡಾವಣೆಯ ಪಾರ್ಕಿಗೆ ಹೋದರೂ ಅರ್ಧ ಮಾತ್ರೆ ರಾಯರ ದರ್ಶನವಾಗುತ್ತದೆ. ನಿವೃತ್ತ ಬ್ಯಾಂಕ್ ಮ್ಯಾನೇಜರು. ತಲೆಗೆ ಮಂಕಿ ಕ್ಯಾಪು, ಕಾಲಿಗೆ ಬಿಳಿ ಶೂ, ಜುಬ್ಬಾದ ಜೇಬಿನಲ್ಲಿ ಬಗೆಬಗೆಯ ಮಾತ್ರೆ. ಸ್ವಂತ ನಾಯಿ ಇಲ್ಲ. ಅದಕ್ಕೇ ಇರಬೇಕು, ಊರವರ ನಾಯಿಗಳ ಆರೋಗ್ಯದ ಬಗ್ಗೆ ಅವರಿಗೆ ಇಷ್ಟು ಧೈರ್ಯ.

ಮುದಿ ಲ್ಯಾಬ್ರಡಾರೊಂದು ಹಿಂಗಾಲು ಎಳೆಯುತ್ತ ಬಂದರೆ ಸಾಕು, ರಾಯರ ವಾಕಿಂಗ್ ಅಲ್ಲಿಗೇ ನಿಲ್ಲುತ್ತದೆ. "ಏನಿಲ್ಲ, ವಾಯು. ಮನುಷ್ಯನಿಗೆ ಒಂದಾದ್ರೆ ನಾಯಿಗೆ ಅರ್ಧ. ಮೊಸರನ್ನದಲ್ಲಿ ಕಲಸಿ ಹಾಕಿ." ಅವರ ವೈದ್ಯಶಾಸ್ತ್ರ ಇಷ್ಟೇ. 30 ಕೆಜಿ ಲ್ಯಾಬ್ರಡಾರಿಗೂ ಅರ್ಧ, 4 ಕೆಜಿ ಪೊಮೆರೇನಿಯನ್ನಿಗೂ ಅರ್ಧ. ಸಾಲ ಮಂಜೂರು ಮಾಡುವಾಗ ಪಹಣಿ, ಆದಾಯ, ಎರಡೆರಡು ಜಾಮೀನು ಕೇಳುತ್ತಿದ್ದ ಮನುಷ್ಯ ಮಾತ್ರೆ ಮಂಜೂರು ಮಾಡುವಾಗ ನಾಯಿಯ ತೂಕವನ್ನೂ ಕೇಳುವುದಿಲ್ಲ.

ಕೇಳಿದ್ದರೆ ಲೆಕ್ಕ ಹೀಗಾಗುತ್ತಿತ್ತು. ರಾಯರ ಜೇಬಿನ 400 ಮಿಲಿಗ್ರಾಂ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆಯಲ್ಲಿ ಅರ್ಧ ಅಂದರೆ 200. ಪೊಮೆರೇನಿಯನ್ನಿಗೆ ಅದು ಕೆಜಿಗೆ 50 ಮಿಲಿಗ್ರಾಂ. 60 ಕೆಜಿ ತೂಗುವ ರಾಯರು ಅದೇ ಪ್ರಮಾಣದಲ್ಲಿ ನುಂಗಬೇಕಾದರೆ ಒಂದೇ ಗುಟುಕಿಗೆ ಏಳೂವರೆ ಮಾತ್ರೆ! ಸಾಡೇಸಾತಿ ನಾಯಿಗೂ ಹಿಡಿಯುತ್ತದೆ ಎನ್ನುವುದು ಹೀಗೆ. ಅದೂ ಅಲ್ಲದೆ ಈ ಔಷಧಿ ನಾಯಿಯ ಮೈಯಿಂದ ಬೇಗ ಇಳಿಯುವುದಿಲ್ಲ. ಕೀಲಿನಲ್ಲಿ ಉರಿಯೂತ ಎಬ್ಬಿಸುವ ಪ್ರೊಸ್ಟಾಗ್ಲಾಂಡಿನ್‌ಗಳನ್ನು ಅಡಗಿಸುವುದು ಇದರ ಕೆಲಸ. ಆದರೆ ಜಠರದ ಒಳಪದರವನ್ನು ಕಾಯುವುದೂ, ಮೂತ್ರಪಿಂಡಕ್ಕೆ ರಕ್ತ ಹರಿಯುವಂತೆ ನೋಡಿಕೊಳ್ಳುವುದೂ ಅದೇ ಕುಟುಂಬದವರು. ಕಳ್ಳನ ಜೊತೆ ಕಾವಲುಗಾರನನ್ನೂ ಹಿಡಿದು ಒಳಗೆ ಹಾಕಿದಂತೆ.

"ನಮ್ಮೂರಲ್ಲಿ ನೋವಿಗೆ ಹಸುಗಳಿಗೇ ಡೈಕ್ಲೋಫೆನಾಕ್ ಚುಚ್ಚಿಸ್ತಿದ್ವಿ, ಏನಾಯ್ತು?" ಎಂದು ರಾಯರು ವಾದಕ್ಕಿಳಿಯುತ್ತಾರೆ. ಹಸುವಿಗೆ ಏನೂ ಆಗಲಿಲ್ಲ, ನಿಜ. ಆದರೆ ಆ ಔಷಧಿ ಮೈಯಲ್ಲಿರುವಾಗಲೇ ಸತ್ತ ಹಸುಗಳನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಲಕ್ಷಗಟ್ಟಲೆ ಉದುರಿದವು. 2006ರಲ್ಲಿ ಸರ್ಕಾರ ಜಾನುವಾರುಗಳಿಗೆ ಆ ಔಷಧಿಯನ್ನು ನಿಷೇಧಿಸಬೇಕಾಯಿತು. ಒಂದು ಪ್ರಾಣಿಗೆ ಒಗ್ಗಿದ್ದು ಇನ್ನೊಂದಕ್ಕೆ ವಿಷವಾಗುತ್ತದೆ ಎಂದರೆ ರಾಯರು, "ಇದು ನಾಯಿ ಸ್ವಾಮಿ, ಹದ್ದಲ್ಲ" ಎಂದು ಮುಂದಿನ ಸುತ್ತಿಗೆ ಹೊರಡುತ್ತಾರೆ.

ಪಶುವೈದ್ಯರ ಮೇಲೆ ಅವರಿಗೆ ತಾತ್ಸಾರ. "ಕಾಲು ನೋವು ಅಂದ್ರೆ ರಕ್ತ ಯಾಕ್ರೀ ತೆಗೀಬೇಕು?" ಯಕೃತ್ತು, ಮೂತ್ರಪಿಂಡ ಸರಿಯಿವೆಯೋ ಎಂದು ನೋಡಿಕೊಂಡೇ ಕಾರ್ಪ್ರೊಫೆನ್, ಮೆಲಾಕ್ಸಿಕಾಂ ಥರದ ನೋವಿನ ಔಷಧಿಗಳನ್ನು ಕೊಡುವುದು. ಮೆಲಾಕ್ಸಿಕಾಂ ಆದರೆ ಸಾಮಾನ್ಯವಾಗಿ ಮೊದಲ ದಿನ ಕೆಜಿಗೆ 0.2 ಮಿಲಿಗ್ರಾಂ, ಆಮೇಲೆ 0.1. ಈ ದಶಾಂಶಗಳೆಲ್ಲ ರಾಯರ ಅರ್ಧದ ಮುಂದೆ ಜುಜುಬಿ. ವೈದ್ಯರ ಔಷಧಿ ಸಂಜೆಯೊಳಗೆ ನಾಟದಿದ್ದರೆ ಭಾವನ ಉಬ್ಬಸಕ್ಕೆ ತಂದು ಮಿಕ್ಕಿದ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಹೊರಬರುತ್ತದೆ. ಈ ಜೋಡಿಯಂತೂ ಹೊಟ್ಟೆಯಲ್ಲಿ ಹುಣ್ಣು ಮಾಡಿ ತೂತನ್ನೂ ಕೊರೆಯಬಲ್ಲದು. ಒಂದು ನೋವಿನ ಔಷಧಿಯಿಂದ ಇನ್ನೊಂದಕ್ಕೆ ಹಾರುವಾಗಲೂ ನಡುವೆ ಕೆಲವು ದಿನ ಬಿಡುವು ಬೇಕು. ಅದನ್ನು ಹೇಳಬೇಕಾದವರು ವೈದ್ಯರು.

ಅಡ್ಡ ಪರಿಣಾಮಗಳಿಗೆ ರಾಯರ ಬಳಿ ವ್ಯಾಖ್ಯಾನ ಸಿದ್ಧವಿದೆ. ವಾಂತಿಯಾಯಿತೇ? "ಪಿತ್ತ ಹೊರಗೆ ಬಂತು, ಒಳ್ಳೇದು." ಊಟ ಬಿಟ್ಟಿತೇ? "ಲಂಘನಂ ಪರಮೌಷಧಂ." ಮಲ ಡಾಂಬರಿನಂತೆ ಕಪ್ಪಗಾಯಿತೇ? "ಕಬ್ಬಿಣದ ಅಂಶ ಜಾಸ್ತಿಯಾಗಿದೆ." ಆ ಕಪ್ಪು, ಒಳಗೆ ಸೋರಿ ಜೀರ್ಣವಾದ ರಕ್ತ.

ಇನ್ನು ಅವರದೇ ಮಂಡಿನೋವು? ಅದಕ್ಕೆ ಇಬ್ಬರು ಮೂಳೆ ತಜ್ಞರ ಅಭಿಪ್ರಾಯ, ಒಂದು ಸ್ಕ್ಯಾನು, ಊಟಕ್ಕೆ ಮೊದಲು ತಪ್ಪದೆ ಗ್ಯಾಸಿನ ಮಾತ್ರೆ. ಅರ್ಧ ಮಾಡಿದ್ದನ್ನು ಯಾರೂ ನೋಡಿಲ್ಲ.

ನಿಮ್ಮ ನಾಯಿಗೆ ಈಗಾಗಲೇ ರಾಯರ ಪ್ರಸಾದ ಆಗಿದ್ದರೆ ಲಕ್ಷಣಗಳಿಗೆ ಕಾಯಬೇಡಿ. ಮನೆಯಲ್ಲಿ ಉಪ್ಪುನೀರು ಕುಡಿಸಿ ಕಕ್ಕಿಸಲೂ ಹೋಗಬೇಡಿ. ಮಾತ್ರೆಯ ಖಾಲಿ ಪಟ್ಟಿಯ ಸಮೇತ ಪಶುವೈದ್ಯರ ಬಳಿಗೆ ಓಡಿ. ಹೆಸರು, ಮಿಲಿಗ್ರಾಂ, ಕೊಟ್ಟ ಹೊತ್ತು ಹೇಳಿದರೆ ಸಾಕು. ಕೊಡಿಸಿದವರು ಯಾರೆಂದು ಹೇಳಬೇಕಾಗಿಲ್ಲ. ರಾಯರ ಪರಿಚಯ ವೈದ್ಯರಿಗೆ ಚೆನ್ನಾಗಿಯೇ ಇರುತ್ತದೆ.