ಹಂಪಿ ದಾರಿಯಲ್ಲಿ ಮುಧೋಳದ ಮರಿ

ಮುಧೋಳ ನಾಯಿ 2005ರಲ್ಲಿ ಅಂಚೆಚೀಟಿ ಏರಿತು; ಹೊಸಪೇಟೆಯ ನಮ್ಮನೆ ಮರಿಗೆ ಆ ಗತ್ತು ಹುಟ್ಟಿನಿಂದಲೇ ಇದೆ. ಅಂಗಳದಲ್ಲಿ ‘ಕುಂದ್ರು’ ಅಂದರೆ ಋಷಿಯ ಹಾಗೆ ಕೂರುತ್ತದೆ. ಹಂಪಿ ದಾರಿಯಲ್ಲಿ ಒಂದು ಮಂಗ ಕಂಡರೆ ಸಾಕು, ನನ್ನ ಪರಿಚಯವೇ ಇಲ್ಲ! ಅದರ ತಪ್ಪೂ ಅಲ್ಲ ಬಿಡಿ. ಮುಧೋಳ ಮೂಗಿಗಿಂತ ಕಣ್ಣು ನಂಬಿ ಬೇಟೆಯಾಡುವ ತಳಿ. ಓಡುವುದನ್ನೆಲ್ಲ ಅಟ್ಟುವುದು ಕುಲಕಸುಬು. ಮಂಗಗಳೋ, ಕಿಷ್ಕಿಂಧೆಯ ವಾರಸುದಾರರು; ಬೇಕಂತಲೇ ಬಾಲ ಆಡಿಸುತ್ತವೆ.

ಅದಕ್ಕೇ ಮೊದಲು ಅಂಗಳ, ಆಮೇಲೆ ಓಣಿ, ಕೊನೆಗೆ ಮಂಗಗಳಿಂದ ಮಾರು ದೂರ ನಿಂತು ಪಾಠ. ಮಾತು ಕೇಳಿದ ಕ್ಷಣವೇ ಬೇಯಿಸಿದ ಕೋಳಿ ತುಣುಕು. ಮಿರ್ಚಿ ಬಂಡಿಯ ಮುಂದೆ ಮಾತ್ರ ತರಬೇತಿ ಬೇಡ: ಅಲ್ಲಿ ಮೊದಲು ಗಮನ ತಪ್ಪುವುದು ಯಜಮಾನನಿಗೆ. ಮರಿ ಸಾಕುವವರೇ, ಹಂಪಿಗೆ ಬಂದರೆ ಹಗ್ಗ ಕೈಬಿಡಬ್ಯಾಡ್ರಿ!