ಪೆಗ್ಗಿಯ ಗಂಡನ ಗತಿಯೇನು?

ಬೇರೆಯವರ ಮನೆಯಲ್ಲಿ ಗಂಡ ಹೆಂಡಿರ ಜಗಳಕ್ಕೆ ಸೈಟು, ನಾದಿನಿ, ಮಂಚದ ಮೇಲೆ ಬಿಸಾಕಿದ ಒದ್ದೆ ಟವೆಲು, ಹೀಗೆ ಘನವಾದ ಕಾರಣಗಳಿರುತ್ತವೆ. ನಮ್ಮ ಮನೆಯಲ್ಲಿ ಸ್ಟೀವ್ ರೋಜರ್ಸ್ ಇದ್ದಾನೆ. ಅಮೆರಿಕದ ಬ್ರೂಕ್ಲಿನ್‌ನವನು, ಎರಡನೇ ಮಹಾಯುದ್ಧದ ಸಿಪಾಯಿ, ಲೋಕಕ್ಕೆಲ್ಲ ಕ್ಯಾಪ್ಟನ್ ಅಮೆರಿಕ. 2019ರ ಏಪ್ರಿಲ್ 26ರಂದು ‘ಅವೆಂಜರ್ಸ್: ಎಂಡ್‌ಗೇಮ್’ ನಮ್ಮ ದೇಶದಲ್ಲಿ ಬಿಡುಗಡೆಯಾಯಿತು. ಅದರ ಕೊನೆಯ ದೃಶ್ಯದ ಬಗ್ಗೆ ಶುರುವಾದ ನಮ್ಮ ವಾದ ಇವತ್ತಿಗೂ ಮುಗಿದಿಲ್ಲ. ಮುಗಿಸುವ ಆತುರ ಇಬ್ಬರಿಗೂ ಇಲ್ಲ, ಆ ಮಾತು ಬೇರೆ.

ಈ ಹುಚ್ಚು ಹತ್ತಿಸಿದ್ದು ನಮ್ಮನೆಯವರೇ. ಎಂಡ್‌ಗೇಮ್ ಮಾರ್ವೆಲ್ ಸರಣಿಯ 22ನೇ ಚಿತ್ರವಂತೆ. 2008ರ ‘ಐರನ್ ಮ್ಯಾನ್’ನಿಂದ ಹಿಡಿದು ಹಿಂದಿನವನ್ನೆಲ್ಲ ನೋಡದಿದ್ದರೆ ತಲೆಬುಡ ತಿಳಿಯುವುದಿಲ್ಲ ಎಂದು ಹೆದರಿಸಿ, ಒಂದೊಂದಾಗಿ ಕೂರಿಸಿ ತೋರಿಸಿದರು. ತೋರಿಸುವಾಗ ತಾವು ಸೋಫಾದಲ್ಲಿ ಗೊರಕೆ ಹೊಡೆದರು. ನಾನು ಹುರುಳಿಕಾಯಿ ನಾರು ತೆಗೆಯುತ್ತಾ ಪೂರ್ತಿ ನೋಡಿದೆ. ಅದರ ಫಲವನ್ನು ಈಗ ಅನುಭವಿಸುತ್ತಿದ್ದಾರೆ.

ಥಿಯೇಟರಿಗೆ ಅತ್ತೆಯವರನ್ನೂ ಕರೆದುಕೊಂಡು ಹೋಗಿದ್ದೆವು. ಚಿತ್ರ ಇಂಗ್ಲಿಷಿನ ಜೊತೆಗೆ ಹಿಂದಿ, ತಮಿಳು, ತೆಲುಗಿನಲ್ಲೂ ಬಂದಿತ್ತು. ಕನ್ನಡದಲ್ಲಿ ಇರಲಿಲ್ಲ. ಆದ್ದರಿಂದ ಡಬ್ಬಿಂಗ್ ಕೆಲಸವನ್ನು ಇವರೇ ವಹಿಸಿಕೊಂಡು ತಾಯಿಯ ಕಿವಿಯಲ್ಲಿ ಪಿಸುಗುಡುತ್ತಾ ಕೂತರು. ಥಾನೋಸ್ ಎನ್ನುವ ರಾಕ್ಷಸ ಹಿಂದಿನ ಭಾಗದಲ್ಲಿ ಚಿಟಿಕೆ ಹೊಡೆದು ಜಗತ್ತಿನ ಅರ್ಧ ಜೀವಿಗಳನ್ನು ಬೂದಿ ಮಾಡಿದ್ದನಷ್ಟೆ. ಈ ಭಾಗ ಶುರುವಾಗುವ ಹೊತ್ತಿಗೆ ಅವನು ಯಾವುದೋ ಗ್ರಹದಲ್ಲಿ ತೋಟ ಮಾಡಿಕೊಂಡು, ಗುಡಿಸಲಿನಲ್ಲಿ ತನ್ನ ಅಡುಗೆ ತಾನೇ ಮಾಡಿಕೊಂಡಿದ್ದಾನೆ. ಮೈಯೆಲ್ಲ ಸುಟ್ಟಿದೆ, ಕಾಲು ಎಳೆಯುತ್ತಾನೆ. ನಮ್ಮ ನಾಯಕರೆಲ್ಲ ಒಟ್ಟಿಗೆ ನುಗ್ಗಿ, ಥೋರ್ ಎಂಬುವನು ಮೊದಲು ಅವನ ಕೈ, ಆಮೇಲೆ ತಲೆ ಕಡಿದು ಹಾಕುತ್ತಾನೆ.

“ಅಯ್ಯೋ, ಬೇಸಾಯ ಮಾಡ್ಕೊಂಡಿದ್ದೋನ್ನ ಇಷ್ಟು ಜನ ಹೋಗಿ ಕಡಿದುಬಿಟ್ರಲ್ಲೋ!” ಅಂದರು ಅತ್ತೆ, ಇಡೀ ಸಾಲಿಗೆ ಕೇಳುವ ಹಾಗೆ.

“ಅರ್ಧ ಲೋಕಾನೇ ಕೊಂದಿದ್ದಾನಮ್ಮಾ ಅವನು.”

“ಅವನು ಕೊಲ್ತಿದ್ದಾಗ ಇವರೆಲ್ಲ ಏನ್ ಮಾಡ್ತಿದ್ರಂತೆ?”

ಹೀಗೆ ಕೇಳಿ, ಉತ್ತರಕ್ಕೆ ಕಾಯದೆ, ಸೆರಗು ಹೊದ್ದು ಮಲಗಿಬಿಟ್ಟರು. ಈ ಚಿತ್ರದ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ನೇರವಾಗಿ ವಿಷಯಕ್ಕೆ ಬಂದದ್ದಿಲ್ಲ.

ಒಟ್ಟು ಮೂರು ಗಂಟೆ ಒಂದು ನಿಮಿಷದ ಸಿನಿಮಾ. ಅದರಲ್ಲಿ ನೋಡಬೇಕಾದ್ದು ಕೊನೆಯ ಯುದ್ಧ ಒಂದೇ ಅನ್ನುವುದು ನಮ್ಮನೆಯವರ ಸಿದ್ಧಾಂತ. ಕ್ಯಾಪ್ಟನ್ ಒಬ್ಬನೇ, ಮುರಿದ ಗುರಾಣಿಯ ಪಟ್ಟಿ ಬಿಗಿದುಕೊಂಡು ಇಡೀ ಸೈನ್ಯದ ಎದುರು ನಿಲ್ಲುತ್ತಾನೆ. ಕಿವಿಯಲ್ಲಿ ಗೆಳೆಯ ಸ್ಯಾಮ್‌ನ ದನಿ ಕೇಳುತ್ತದೆ. ಎಡಗಡೆ ಗಾಳಿಯಲ್ಲಿ ಒಂದು ಬೆಂಕಿಯ ಬಳೆ ತೆರೆದು ಬ್ಲ್ಯಾಕ್ ಪ್ಯಾಂಥರ್ ಹೊರಗೆ ಬರುತ್ತಾನೆ. ಆಮೇಲೆ ಅಲ್ಲೊಂದು ಬಳೆ, ಇಲ್ಲೊಂದು ಬಳೆ, ಬೂದಿಯಾದವರೆಲ್ಲ ಹಾಜರ್! ನಾಲ್ಕು ಬಸ್ಸಿನ ಬೀಗರು ಛತ್ರದ ಮುಂದೆ ಒಟ್ಟಿಗೇ ಇಳಿದ ಹಾಗೆ. ಇವರು ಎದ್ದು ನಿಂತು, ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದರು. ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಎತ್ತಿಕೊಡಿ ಅಂದರೆ ಸೊಂಟ ಹಿಡಿಯುತ್ತೆ ಅನ್ನುವ ಮನುಷ್ಯ ಇವರೇನಾ ಎಂದು ಪರದೆ ಬಿಟ್ಟು ಇವರನ್ನೇ ನೋಡುತ್ತಾ ಕೂತೆ. ಹೊಡೆದಾಟದಲ್ಲಿ ನೋಡುವುದಕ್ಕಾದರೂ ಏನಿತ್ತು? ಆ ಬೂದು ಧೂಳಿನಲ್ಲಿ ಯಾರು ಯಾರಿಗೆ ಗುದ್ದುತ್ತಿದ್ದಾರೆಂದು ಒಂದೂ ಕಾಣುವುದಿಲ್ಲ.

ನನ್ನ ಸಿನಿಮಾ ಇರುವುದು ಮೊದಲ ಗಂಟೆಯಲ್ಲಿ. ಎಲ್ಲರೂ ಸೋತು ಐದು ವರ್ಷ ಆಗಿದೆ. ನತಾಶಾ ಒಬ್ಬಳೇ ಆ ದೊಡ್ಡ ಆಫೀಸಿನಲ್ಲಿ ಕೂತು, ಕಡಲೆಕಾಯಿ ಬೆಣ್ಣೆ ಹಚ್ಚಿದ ಬ್ರೆಡ್ಡು ತಟ್ಟೆಯಲ್ಲಿಟ್ಟುಕೊಂಡು, ಚದುರಿಹೋದವರನ್ನೆಲ್ಲ ವಿಚಾರಿಸಿಕೊಳ್ಳುತ್ತಿರುತ್ತಾಳೆ. 2012ರ ಮೊದಲ ‘ಅವೆಂಜರ್ಸ್’ನಲ್ಲಿ ಆರು ಜನರ ತಂಡದಲ್ಲಿ ಇದ್ದದ್ದು ಇವಳೊಬ್ಬಳೇ ಹೆಂಗಸು. ಎಂಡ್‌ಗೇಮ್‌ನಲ್ಲಿ ಎಲ್ಲರಿಗೋಸ್ಕರ ಬಂಡೆಯಿಂದ ಧುಮುಕಿ ಸಾಯುವವಳೂ ಇವಳೇ. ಐರನ್ ಮ್ಯಾನ್ ಸತ್ತಾಗ ಕೆರೆ ದಂಡೆಯಲ್ಲಿ ಕರಿ ಬಟ್ಟೆ ತೊಟ್ಟ ಸಮಸ್ತ ನಾಯಕರೂ ಸಾಲಾಗಿ ನಿಲ್ಲುತ್ತಾರೆ, ಹೂವಿನ ಚಕ್ರ ತೇಲಿಬಿಡುತ್ತಾರೆ, ಕ್ಯಾಮೆರಾ ಒಬ್ಬೊಬ್ಬರ ಮುಖವನ್ನೂ ಸಾವಕಾಶವಾಗಿ ಮುಟ್ಟಿಕೊಂಡು ಬರುತ್ತದೆ. ನತಾಶಾಗೆ?

“ಹಲ್ಕ್ ಅಷ್ಟು ದುಃಖ ಪಟ್ನಲ್ಲೇ. ಬೆಂಚು ಎತ್ತಿ ಕೆರೆಗೆ ಎಸೆದ” ಅಂದರು ಇವರು.

“ಕೆರೆಗೆ ಒಂದು ಬೆಂಚು ಎಸೆದ್ರೆ ತಿಥಿ ಮುಗೀತೇನ್ರೀ?”

ಇದಕ್ಕೆ ಇವತ್ತಿನವರೆಗೂ ಉತ್ತರ ಬಂದಿಲ್ಲ. ನತಾಶಾಳದ್ದೇ ಕಥೆಯ ಸಿನಿಮಾ ಬಂದದ್ದು 2021ರಲ್ಲಿ, ಅವಳನ್ನು ಕೊಂದು ಎರಡು ವರ್ಷ ಆದಮೇಲೆ.

ಥೋರ್‌ನ ಡೊಳ್ಳು ಹೊಟ್ಟೆಯ ವಿಷಯ ಹೆಚ್ಚು ಬೆಳೆಸುವುದಿಲ್ಲ. ದುಃಖಕ್ಕೆ ಬಿಯರ್ ಕುಡಿದು ಕುಡಿದು ದಪ್ಪಗಾದ ಆ ಪಾಪದವನ ಹೊಟ್ಟೆ ಕಂಡು ಥಿಯೇಟರಿನಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವರು ನಮ್ಮನೆಯವರು. ನಾನು ಅವರ ಶರ್ಟಿನ ಕೆಳಗಿನ ಗುಂಡಿಯ ಕಡೆ ಒಂದು ಸಲ ನೋಡಿದೆ, ಅಷ್ಟೆ.

ಈಗ ಮುಖ್ಯ ತಗಾದೆಗೆ ಬರೋಣ. ಯುದ್ಧ ಮುಗಿದ ಮೇಲೆ, ಬೂದಿಯಾದವರನ್ನು ಬದುಕಿಸಲೆಂದು ಹಿಂದಿನ ಕಾಲದಿಂದ ತಂದಿದ್ದ ಮಾಯಾಮಣಿಗಳನ್ನು ತಂದಲ್ಲೇ ಇಟ್ಟು ಬರಲು ಸ್ಟೀವ್ ಹೋಗುತ್ತಾನೆ. ಐದು ಸೆಕೆಂಡಿನಲ್ಲಿ ವಾಪಸ್ ಬರಬೇಕು. ಬರುವುದಿಲ್ಲ. ನೋಡಿದರೆ ಅಲ್ಲೇ ಬೆಂಚಿನ ಮೇಲೆ ಮುದುಕನಾಗಿ ಕೂತಿದ್ದಾನೆ, ಬೆರಳಲ್ಲಿ ಉಂಗುರ. ಹಳೇ ಪ್ರೇಯಸಿ ಪೆಗ್ಗಿ ಕಾರ್ಟರ್ ಹತ್ತಿರ ಹೋಗಿ ಜೀವಮಾನವಿಡೀ ಸಂಸಾರ ಮಾಡಿ ಬಂದಿದ್ದಾನೆ! ಕೊನೆಯ ದೃಶ್ಯ: ಕಿಟಕಿಯೊಳಗೆ ಇಬ್ಬರೂ ಅಪ್ಪಿಕೊಂಡು ಕುಣಿಯುತ್ತಿದ್ದಾರೆ. ಇವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಮ್ಮ ಮದುವೆಯ ವಿಡಿಯೊ ನೋಡುವಾಗ ಈ ಮನುಷ್ಯ ಮೊಬೈಲಿನಲ್ಲಿ ಸ್ಕೋರ್ ನೋಡುತ್ತಿರುತ್ತಾರೆ.

“ಎಪ್ಪತ್ತು ವರ್ಷದ ಹತ್ತಿರ ಐಸ್‌ನಲ್ಲಿ ಬಿದ್ದಿದ್ದ ಕಣೇ. ಒಂದು ಡ್ಯಾನ್ಸ್ ಬಾಕಿ ಇತ್ತು, ಹೋಗಿ ಮುಗಿಸಿದ. ಏನು ತಪ್ಪು?”

ತಪ್ಪೇ? ಇದೇ ಚಿತ್ರದಲ್ಲಿ, ತಮ್ಮವರನ್ನು ಕಳೆದುಕೊಂಡ ಜನರನ್ನು ಗುಂಡಗೆ ಕೂರಿಸಿಕೊಂಡು, ಹಳೆಯದನ್ನು ಬಿಟ್ಟು ಮುಂದೆ ನಡೆಯಿರಿ ಎಂದು ಬುದ್ಧಿ ಹೇಳಿದವನು ಇವನೇ. ಅದು ಹಾಗಿರಲಿ. 2014ರ ‘ವಿಂಟರ್ ಸೋಲ್ಜರ್’ನಲ್ಲಿ ಸ್ಟೀವ್ ಮ್ಯೂಸಿಯಂಗೆ ಹೋಗುತ್ತಾನೆ. ಅಲ್ಲಿ ಪೆಗ್ಗಿಯ 1953ರ ಸಂದರ್ಶನ ಓಡುತ್ತಿರುತ್ತದೆ. ಯುದ್ಧದಲ್ಲಿ ಸ್ಟೀವ್ ಪ್ರಾಣ ಉಳಿಸಿದ ಸೈನಿಕರಲ್ಲಿ ಒಬ್ಬನನ್ನೇ ಮುಂದೆ ತಾನು ಮದುವೆಯಾದೆ ಎಂದು ಆಕೆ ಹೇಳುತ್ತಾಳೆ. ಅಂದಮೇಲೆ ಆ ಗಂಡನ ಗತಿಯೇನು? ಜೀವ ಉಳಿಸಿ, ಹೆಂಡತಿಯನ್ನು ಹೊತ್ತುಕೊಂಡು ಹೋಗುವುದು ಯಾವ ಊರಿನ ಉಪಕಾರ? ಇನ್ನು 2016ರ ‘ಸಿವಿಲ್ ವಾರ್’ನಲ್ಲಿ ಪೆಗ್ಗಿಯ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು, ಸೂತಕ ಕಳೆಯುವ ಮೊದಲೇ ಆಕೆಯ ಮನೆತನದ ಹುಡುಗಿ ಶ್ಯಾರನ್‌ಗೆ ಮುತ್ತು ಕೊಡುತ್ತಾನೆ. ನಮ್ಮ ಕಡೆ ಇಂಥವನಿಗೆ ಯಾರೂ ಹೆಣ್ಣು ಕೊಡುವುದಿಲ್ಲ.

ಇದನ್ನೆಲ್ಲ ಹೇಳಿದ ದಿನ ಇವರು ಊಟ ಬಿಟ್ಟು ಲ್ಯಾಪ್‌ಟಾಪ್ ತೆಗೆದರು. ತೆಗೆದು ತಾವೇ ಪೇಚಿಗೆ ಸಿಕ್ಕಿಕೊಂಡರು. ಈ ಚಿತ್ರ ಮಾಡಿದವರಲ್ಲೇ ಎರಡು ಪಕ್ಷ! ನಿರ್ದೇಶಕರು ಆಂಥನಿ ಮತ್ತು ಜೋ ರೂಸೊ, ಅಣ್ಣ ತಮ್ಮ. ಬರೆದವರು ಕ್ರಿಸ್ಟೋಫರ್ ಮಾರ್ಕಸ್ ಮತ್ತು ಸ್ಟೀಫನ್ ಮೆಕ್‌ಫೀಲಿ. ವಿಂಟರ್ ಸೋಲ್ಜರ್‌ನಿಂದಲೂ ಇದೇ ನಾಲ್ಕು ಜನ. ಸ್ಟೀವ್ ಹಿಂದಕ್ಕೆ ಹೋದಾಗ ಕಾಲದ ಇನ್ನೊಂದು ಕವಲು ಒಡೆಯಿತು, ಅವನು ಬಾಳಿದ್ದು ಆ ಕವಲಿನಲ್ಲಿ ಅನ್ನುತ್ತಾರೆ ಅಣ್ಣತಮ್ಮಂದಿರು. ಕವಲೂ ಇಲ್ಲ ಏನೂ ಇಲ್ಲ, ಅವನು ನಮ್ಮ ಇದೇ ಲೋಕದಲ್ಲಿ ಸದ್ದಿಲ್ಲದೆ ಪೆಗ್ಗಿಯ ಜೊತೆ ಇದ್ದ ಅನ್ನುತ್ತಾರೆ ಬರೆದವರು. ಮ್ಯೂಸಿಯಂ ಮಾತನ್ನು ಬರೆದವರೂ ಅವರೇ, ಮರೆಯಬೇಡಿ.

ನನಗೆ ಎರಡರಲ್ಲೂ ಅವನು ತಪ್ಪಿತಸ್ಥನೇ. ಇದೇ ಲೋಕದಲ್ಲಿ ಇದ್ದನೋ, ಹಾಗಾದರೆ 1991ರಲ್ಲಿ ಐರನ್ ಮ್ಯಾನ್ ಟೋನಿಯ ಅಪ್ಪ ಅಮ್ಮನ ಕೊಲೆಯಾಗುತ್ತದೆ, ಕೊಲ್ಲುವುದು ಬೇರೆಯವರು ತಲೆ ಕೆಡಿಸಿಟ್ಟ ತನ್ನ ಜೀವದ ಗೆಳೆಯ ಬಕಿ ಎಂದು ಗೊತ್ತಿದ್ದೂ ಪೇಪರು ಓದುತ್ತಾ ಕೂತಿದ್ದ ಎಂದಾಯಿತು. ನಮ್ಮನೆಯವರು ಹೌಹಾರಿ ಅಣ್ಣತಮ್ಮಂದಿರ ಪಕ್ಷಕ್ಕೆ ಹಾರಿದರು. ಸರಿ, ಕವಲೇ ಇರಲಿ. ಆ ಕವಲಿನ ಲೋಕದಲ್ಲೂ ಒಬ್ಬ ಸ್ಟೀವ್ ಐಸ್‌ನಲ್ಲಿ ಬಿದ್ದಿರುತ್ತಾನಲ್ಲ?

“ಅವನ ಡ್ಯಾನ್ಸ್ ಗತಿ ಏನ್ರೀ?”

ಬಹಳ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ, “ಇವನೂ ಅವನೇ ಅಲ್ವೇನೇ?” ಅಂದರು.

“ಹಾಗಾದ್ರೆ ನಿಮ್ಮ ಹಾಗೇ ಇರೋ ಇನ್ನೊಬ್ಬ ಬಂದು ಬಾಗಿಲು ತಟ್ಟಿದ್ರೆ ಒಳಗೆ ಬಿಟ್ಕೊಳ್ಲಾ?”

“ಸಿಲಿಂಡರ್ ಎತ್ತೋನಾದ್ರೆ ಬಿಟ್ಕೋ ಮಾರಾಯ್ತಿ.”

ಇಂಥ ಉತ್ತರ ಕೊಡುತ್ತಾರೆ ಅನ್ನುವುದಕ್ಕೇ ಇವರ ಜೊತೆ ಸಿನಿಮಾಕ್ಕೆ ಹೋಗುವುದು.

ಈಗ ‘ಅವೆಂಜರ್ಸ್: ಡೂಮ್ಸ್‌ಡೇ’ ಸರದಿ. 2026ರ ಡಿಸೆಂಬರ್ 18ಕ್ಕೆ ಎಂದು ಘೋಷಿಸಿದ್ದಾರೆ. ಅದೇ ರೂಸೊ ಅಣ್ಣತಮ್ಮಂದಿರ ನಿರ್ದೇಶನ. ಐರನ್ ಮ್ಯಾನ್ ಆಗಿ ಸತ್ತ ರಾಬರ್ಟ್ ಡೌನಿ ಈ ಸಲ ಡಾಕ್ಟರ್ ಡೂಮ್ ಅನ್ನುವ ಖಳನಾಗಿ ಬರುತ್ತಾನಂತೆ. ಅಷ್ಟು ಅದ್ದೂರಿಯಾಗಿ ತಿಥಿ ಮಾಡಿ ಕಳಿಸಿದವನನ್ನೇ ಮತ್ತೆ ಕರೆಸಿದ್ದಾರೆ, ನತಾಶಾ ವಿಷಯ ಎತ್ತಬೇಡ ಎಂದು ಇವರು ಈಗಲೇ ತಾಕೀತು ಮಾಡಿದ್ದಾರೆ. ಎತ್ತಿಯೇ ಎತ್ತುತ್ತೇನೆ. ಪೆಗ್ಗಿಯ ಆ ಪಾಪದ ಗಂಡನ ಪರವಾಗಿ ನಿಮ್ಮ ಮನೆಯಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಪತ್ರಿಕೆಗೆ ಬರೆದು ತಿಳಿಸಿ. ನಮ್ಮನೆಯವರ ಪಕ್ಷದವರಾದರೆ ಅಂಚೆ ಖರ್ಚು ಮಾಡಿಕೊಳ್ಳಬೇಡಿ.